ಮೂಕ ಟಿವಿಗೆ ಬಾಯಿಯಾದವಳು

ಮಧ್ಯಾಹ್ನ ಒಂದು ಗಂಟೆಯ ವಾರ್ತೆಗೆ ಇನ್ನೂ ಹನ್ನೊಂದು ನಿಮಿಷವಿತ್ತು. ಮೇಕಪ್ ಮಾಡುವ ಅಕ್ಕ ಮೂರನೆಯ ಸಲ ಅವಳ ಹಣೆಯ ಬೆವರನ್ನು ಒತ್ತಿ ಒರೆಸಿದಳು.

"ಹೀಗೆ ಬೆವರಿದರೆ ನಾನು ಹಚ್ಚಿದ್ದೆಲ್ಲ ವಾರ್ತೆಗೆ ಮುಂಚೇನೇ ಕುತ್ತಿಗೆಗೆ ಇಳಿಯುತ್ತೆ ಕಣಮ್ಮ. ಉಸಿರು ಬಿಡು."

"ಬಿಡ್ತಾ ಇದ್ದೀನಿ ಅಕ್ಕ. ಅದೇ ವಾಪಸ್ ಬರ್ತಿಲ್ಲ."

ಆ ಚಿಕ್ಕ ವಾಹಿನಿಯಲ್ಲಿ ಅವಳನ್ನು ವಾರ್ತೆ ಓದಲು ಮೂರು ತಿಂಗಳ ಮಟ್ಟಿಗೆ ಪರೀಕ್ಷೆಗೆಂದು ತೆಗೆದುಕೊಂಡಿದ್ದರು. ಅಂದು ಕೊನೆಯ ದಿನ. ವಾರ್ತೆ ಮುಗಿದ ಮೇಲೆ ಸಂಪಾದಕರು ಮರುದಿನ ಓದುವವರ ಪಟ್ಟಿಯನ್ನು ಗೋಡೆಯ ಹಲಗೆಗೆ ಅಂಟಿಸುವರು. ಅದರಲ್ಲಿ ಅವಳ ಹೆಸರಿದ್ದರೆ ಕೆಲಸ ಉಳಿಯಿತು; ಇಲ್ಲದಿದ್ದರೆ ಚೀಲ ಹೆಗಲಿಗೇರಿಸಿ ಮನೆಯ ದಾರಿ ಹಿಡಿಯಬೇಕು.

ಈ ಕೆಲಸದ ಹುಚ್ಚು ಅವಳಿಗೆ ಹಿಡಿದದ್ದು ಏಳನೆಯ ವಯಸ್ಸಿನಲ್ಲಿ. ಬಸ್ಸಿನ ಚಾಲಕನಾಗಿದ್ದ ಸೋದರಮಾವ, ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಮೂಲೆಗೆ ಬಿದ್ದಿದ್ದ ಟಿವಿಯೊಂದನ್ನು ಹೊತ್ತು ತಂದಿದ್ದ. ಅದರಲ್ಲಿ ಚಿತ್ರ ಬರುತ್ತಿತ್ತು, ಧ್ವನಿ ಬರುತ್ತಿರಲಿಲ್ಲ. ಅಜ್ಜಿಗೋ ಕಣ್ಣಿಗೆ ಪೊರೆ ಬಂದು ಬರೀ ಬೆಳಕು ಕಾಣುತ್ತಿತ್ತು.

"ಕಣ್ಣು ಕಾಣದ ಅಮ್ಮನಿಗೆ ಬಾಯಿ ಬಾರದ ಟಿವಿ. ಜೋಡಿ ಸರಿಹೋಯ್ತು ಬಿಡು," ಎಂದು ಮಾವ ನಕ್ಕಿದ್ದ.

"ನಿನಗೆ ಬಾಯಿ ಇದ್ದೂ ಏನು ಕಡಿದು ಕಟ್ಟೆ ಹಾಕಿದೀಯೋ?" ಎಂದಿದ್ದಳು ಅಜ್ಜಿ.

ಆ ಜೋಡಿಯ ನಡುವೆ ಹುಡುಗಿ ಹೋಗಿ ಕುಳಿತಳು. ತಾಯಿ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವಳು. ಮನೆಗೆ ತಂದ ಪುಸ್ತಕವನ್ನು ಅಂಟು ಹಚ್ಚುವ ಮೊದಲೇ ಓದಿ ಮುಗಿಸಬೇಕು; ಆಮೇಲೆ ಅದು ಅಂಟು ಒಣಗಲು ಭಾರದ ಹಲಗೆಯ ಕೆಳಗೆ, ಮರುದಿನ ಗ್ರಂಥಾಲಯಕ್ಕೆ. ಹಾಗಾಗಿ ಹುಡುಗಿಗೆ ಓಡುವ ಕಣ್ಣು ಬಂತು. ಬೆಳಿಗ್ಗೆ ಪತ್ರಿಕೆಯನ್ನು ತಲೆಯಿಂದ ಕಾಲಿನವರೆಗೆ ಓದಿ, ಸಂಜೆ ಟಿವಿಯಲ್ಲಿ ವಾರ್ತೆ ಓದುವಾಕೆಯ ತುಟಿ ಅಲುಗಿದೊಡನೆ ತಾನೇ ಧ್ವನಿಯಾಗುತ್ತಿದ್ದಳು. ಅಜ್ಜಿ ಅವಳನ್ನು 'ಬಾಯಿಪೆಟ್ಟಿಗೆ' ಎಂದು ಕರೆದಳು. ಬೀದಿಯಲ್ಲೆಲ್ಲ ಅದೇ ಹೆಸರು ನಿಂತಿತು.

ಒಂದು ಸಂಜೆ ಪರದೆಯ ಮೇಲೆ ಮಗುಚಿ ಬಿದ್ದ ಬಸ್ಸು ಕಾಣಿಸಿತು. ಬೆಳಗಿನ ಪತ್ರಿಕೆಯಲ್ಲಿ ಅದರ ಸುದ್ದಿ ಇರಲು ಸಾಧ್ಯವಿರಲಿಲ್ಲ. "ಏನಂತೆ?" ಎಂದಳು ಅಜ್ಜಿ. ಗೊತ್ತಿಲ್ಲವೆನ್ನಲು ಹುಡುಗಿಯ ಜಂಬ ಒಪ್ಪಲಿಲ್ಲ. ಬಾಯಿಗೆ ಮೊದಲು ಬಂದದ್ದು ಮಾವ ಓಡಾಡುವ ಘಟ್ಟದ ರಸ್ತೆ. "ಎಷ್ಟು ಜನ?" ಎಂದರೆ, "ಹನ್ನೆರಡು," ಎಂದಳು.

ಅಜ್ಜಿ ಎದ್ದಳು. ಪಕ್ಕದ ಮನೆಗೆ ಹೋಗಿ ಡಿಪೋಗೆ ಫೋನು ಮಾಡಿಸಬೇಕೆಂದು ಕೋಲಿಗೆ ಕೈ ಚಾಚಿದಳು. ಬೆರಳು ಮಡಚಲೇ ಇಲ್ಲ. ಹುಡುಗಿ ಆ ಬೆರಳುಗಳನ್ನು ನೋಡುತ್ತಾ ನಿಂತಳು. ಸುಳ್ಳು ಎನ್ನಲು ನಾಲಿಗೆ ಏಳಲಿಲ್ಲ. ತಾಯಿ ಓಡಿ ಹೋಗಿ ಫೋನು ಮಾಡಿಸಿದರೆ ಡಿಪೋದಲ್ಲಿ ಯಾರೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಮಾವ ಸೀಟಿ ಹೊಡೆಯುತ್ತಾ ಒಳಗೆ ಬರುವವರೆಗೂ ಆ ಮನೆಯಲ್ಲಿ ಯಾರ ಗಂಟಲಿಗೂ ನೀರು ಇಳಿಯಲಿಲ್ಲ.

ಅಜ್ಜಿ ಬೈಯಲಿಲ್ಲ. ಆದರೆ ಅಂದಿನಿಂದ ಪ್ರತಿ ಸಂಜೆ ಕೇಳುತ್ತಿದ್ದಳು: "ಇದು ನೋಡಿ ಹೇಳ್ತಿದ್ದೀಯೋ, ನೀನೇ ಹೇಳ್ತಿದ್ದೀಯೋ?"

ಈಗ ದೀಪಗಳು ಉರಿದವು. ಮೊದಲ ಎರಡು ಸುದ್ದಿ ಸರಾಗವಾಗಿ ಹೋದವು. ಮೂರನೆಯದಕ್ಕೆ ಮೊದಲೇ ಚಿತ್ರೀಕರಿಸಿದ ವರದಿಯೊಂದು ಓಡತೊಡಗಿದಾಗ, ಯಾರೋ ಬಗ್ಗಿ ಬಂದು ಮೇಜಿನ ಮೇಲೆ ಚೀಟಿಯಿಟ್ಟು ಹೋದರು: 'ಊರಾಚೆಯ ಬಟ್ಟೆ ಕಾರ್ಖಾನೆಗೆ ಬೆಂಕಿ. ಎಂಟು ಸಾವು.'

ಕಿವಿಗೆ ಸಿಕ್ಕಿಸಿದ್ದ ಇಯರ್‌ಫೋನಿನಲ್ಲಿ ಸಂಪಾದಕರ ಧ್ವನಿ ಬಂತು. "ವರದಿ ಮುಗಿದ ತಕ್ಷಣ ಇದೇ ಓದು. ನಲವತ್ತು ಸೆಕೆಂಡಿದೆ."

"ಸಾರ್, ಎಂಟು ಅಂತ ಹೇಳಿದ್ದು ಯಾರು?"

"ಎದುರಿನ ಚಾನೆಲ್‌ನಲ್ಲಿ ಬರ್ತಿದೆ."

"ಅವರಿಗೆ ಯಾರು ಹೇಳಿದ್ದು?"

"ಪಾಠ ಮಾಡ್ತೀಯೇನಮ್ಮ ನಂಗೆ? ನಮ್ಮವನು ಇನ್ನೂ ದಾರೀಲಿದ್ದಾನೆ. ಓದು."

"ಬೆಂಕಿ ಬಿದ್ದಿರೋದು ಖಚಿತಾನಾ ಸಾರ್?"

"ಅಗ್ನಿಶಾಮಕದವರೇ ಹೇಳಿದ್ದಾರೆ. ಹದಿನೈದು ಸೆಕೆಂಡು."

ಚೀಟಿ ಹಿಡಿದ ತನ್ನ ಬೆರಳನ್ನು ನೋಡಿಕೊಂಡಳು. ಕ್ಯಾಮೆರಾದ ಕೆಂಪು ದೀಪ ಹತ್ತಿತು.

"ಊರಾಚೆಯ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದಿದೆ. ಅಗ್ನಿಶಾಮಕ ಸಿಬ್ಬಂದಿ ಸ್ಥಳದಲ್ಲಿದ್ದಾರೆ. ಒಳಗಿದ್ದವರ ಬಗ್ಗೆ ಖಚಿತ ಮಾಹಿತಿ ನಮಗಿನ್ನೂ ಬಂದಿಲ್ಲ. ಬಂದೊಡನೆ ತಿಳಿಸುತ್ತೇವೆ."

ಉಳಿದ ಎಂಟು ನಿಮಿಷ ಏನು ಓದಿದಳೋ ಅವಳಿಗೇ ನೆನಪಿಲ್ಲ.

ಹೊರಗೆ ಬಂದರೆ ಮೇಕಪ್ ಅಕ್ಕ ಗೋಡೆಗೊರಗಿ ನೆಲದ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಫೋನು, ಕಣ್ಣು ಕೆಂಪು.

"ನನ್ನ ತಂಗಿ ಮಗಳು ಅಲ್ಲೇ ಹೊಲಿಗೆ ಕೆಲಸಕ್ಕೆ ಹೋಗೋದು. ಕಾರ್ಖಾನೆ ಅಂದಾಗಲೇ ಜೀವ ಬಾಯಿಗೆ ಬಂತು. ನೀನು ಸತ್ತರು ಅಂದುಬಿಟ್ಟಿದ್ದರೆ ಈ ಫೋನ್ ಒತ್ತೋಕೆ ಕೈ ಆಡ್ತಿರಲಿಲ್ಲ ಕಣೇ."

"ಸಿಕ್ಕಳಾ ಅಕ್ಕ?"

"ಸಿಕ್ಕಳು. ಹೊರಗೆ ರಸ್ತೇಲಿ ನಿಂತಿದ್ದಾಳಂತೆ. ಚಪ್ಪಲಿ ಒಳಗೇ ಬಿಟ್ಟು ಬಂದೆ ಅಂತ ಅಳ್ತಿದ್ದಾಳೆ, ಪೆದ್ದಿ."

ಎರಡು ಗಂಟೆಯ ಹೊತ್ತಿಗೆ ವಾಹಿನಿಯ ವರದಿಗಾರ ಸ್ಥಳದಿಂದ ಫೋನು ಮಾಡಿದ. ಇಬ್ಬರು ತೀರಿಕೊಂಡಿದ್ದರು. ಎಂಟಲ್ಲ, ಇಬ್ಬರು. ಯಾವುದೋ ಎರಡು ಮನೆಗಳಿಗೆ ಅವರೇ ಎಲ್ಲವೂ ಆಗಿದ್ದರೇನೋ ಎಂದುಕೊಂಡಳು. ತಾನು ಗೆದ್ದೆನೆಂದು ಅವಳಿಗೆ ಅನ್ನಿಸಲಿಲ್ಲ.

ನಾಲ್ಕಕ್ಕೆ ಸಂಪಾದಕರು ಪಟ್ಟಿ ತಂದು ಹಲಗೆಗೆ ಅಂಟಿಸಿದರು. ಅವಳತ್ತ ತಿರುಗದೆಯೇ, "ಇನ್ನು ಮುಂದೆ ಪ್ರಶ್ನೆ ಇದ್ದರೆ ನಲವತ್ತು ಸೆಕೆಂಡಿಗೆ ಮುಂಚೆ ಕೇಳು. ನನಗೂ ವಯಸ್ಸಾಯ್ತು," ಎಂದು ಒಳಗೆ ಹೋದರು.

ಅವಳು ಹಲಗೆಯ ಮುಂದೆ ಬಹಳ ಹೊತ್ತು ನಿಂತು, ಮನೆಗೆ ಫೋನು ಮಾಡಿದಳು.

"ಅಜ್ಜಿ, ಪಟ್ಟೀಲಿ ನನ್ನ ಹೆಸರಿದೆ."

"ನೋಡಿ ಹೇಳ್ತಿದ್ದೀಯೋ, ನೀನೇ ಹೇಳ್ತಿದ್ದೀಯೋ?"

"ನೋಡೇ ಹೇಳ್ತಿದ್ದೀನಿ. ಮಿಕ್ಕವರದೆಲ್ಲ ಪೆನ್ನಿನಲ್ಲಿದೆ. ನನ್ನದು ಪೆನ್ಸಿಲ್‌ನಲ್ಲಿದೆ."