ಅಪ್ಪ ಇದ್ದಾಗಲೇ ತೆಗೆಸಿದ ಮೀಸೆ

ನನ್ನ ಮೀಸೆ ಅಂಥದ್ದೇನೂ ಇರಲಿಲ್ಲ. ಕನ್ನಡ ಶಾಲೆಯ ಇಪ್ಪತ್ಮೂರು ವರ್ಷದ ಮಾಸ್ತರನಿಗೆ ಎಷ್ಟು ಬೇಕೋ ಅಷ್ಟು ಇತ್ತು. ಅದನ್ನು ನಾನು ಒಂದು ಸಿನಿಮಾಕ್ಕಾಗಿ ತೆಗೆಸಿದೆ. ಮನೆಯಲ್ಲಿ ಅಪ್ಪ ಗಟ್ಟಿಮುಟ್ಟಾಗಿ ಕೂತು ಹೊಲಿಗೆ ಮಶೀನು ತುಳಿಯುತ್ತಿದ್ದಾಗ ತೆಗೆಸಿದೆ. ನಮ್ಮ ಮಂದಿಯಲ್ಲಿ ಗಂಡುಮಗ ಮೀಸೆ ತೆಗೆಸುವುದು ತಂದೆ ಸತ್ತಾಗ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೆ.

ಅರವತ್ತರ ದಶಕದ ಶುರುವಿನ ಒಂದು ಬೇಸಿಗೆ ಅದು. ನಾನು ತಿಕೋಟಾದಲ್ಲಿ ಮಾಸ್ತರ, ಅಪ್ಪ ಅದೇ ಊರಿನ ದರ್ಜಿ. ಶಾಲೆಗೆ ಸೂಟಿ ಇತ್ತು. ಮುಂಬಯಿಯ ಸಿನಿಮಾ ಕಂಪನಿಯೊಂದು ವಿಜಾಪುರದ ಕೋಟೆಗೋಡೆಯ ಹೊರಗೆ ಡೇರೆ ಹೊಡೆದಿದೆ, ಗುಂಪಿನಲ್ಲಿ ನಿಲ್ಲಲು ಗಂಡಸರು ಬೇಕಂತೆ ಎಂದು ಕೇಳಿ ಬಸ್ಸು ಹತ್ತಿದೆ. ಕಥೆಯ ರಾಜ ಯಾವುದೋ ಬೇರೆ ಸೀಮೆಯವನು. ನಮ್ಮ ಕೋಟೆಗೂ ಅವನಿಗೂ ಏನೂ ಸಂಬಂಧವಿರಲಿಲ್ಲ. ಅವನು ಸತ್ತಿದ್ದ, ನಾವು ನಲವತ್ತು ಜನ ಅವನ ಹೆಣದ ಹಿಂದೆ ಅಳುತ್ತ ನಡೆಯಬೇಕಿತ್ತು. ರಾಜನ ಪಾರ್ಟು ಮಾಡುವವನು ನೆರಳಲ್ಲಿ ಕೂತು ಕಲ್ಲಂಗಡಿ ತಿನ್ನುತ್ತಿದ್ದ. ಚಟ್ಟದ ಮೇಲೆ ಹುಲ್ಲು ತುಂಬಿದ ಚೀಲವಿತ್ತು.

ಮೀಸೆ ತೆಗೆಸಿದ ಹತ್ತು ಜನ ಚಟ್ಟದ ಹತ್ತಿರ, ಉಳಿದವರು ಹಿಂದೆ ಎಂದು ಡೈರೆಕ್ಟರರ ಕೈಕೆಳಗಿನವನೊಬ್ಬ ಹೇಳಿದ. ಹತ್ತಿರ ಇದ್ದವರ ಮುಖ ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ ಎಂದೂ ಹೇಳಿದ. ನಾನು ಓಡಿಹೋಗಿ ಕ್ಷೌರಿಕನ ಮುಂದೆ ಎಲ್ಲರಿಗಿಂತ ಮೊದಲು ಕೂತೆ.

ಮೊದಲು ನನಗೆ ಚಟ್ಟ ಹೊರಲು ಕೊಟ್ಟರು. ಬಲ ಹೆಗಲ ಮೇಲೆ ಇಟ್ಟುಕೊಂಡು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಡೈರೆಕ್ಟರರು ಕೂಗಿ ನಿಲ್ಲಿಸಿದರು. ನನ್ನ ಮೂಲೆಯಲ್ಲಿ ಚಟ್ಟ ವಾಲುತ್ತಿತ್ತಂತೆ. ಬಿದಿರೇ ಸೊಟ್ಟಗಿದೆ ಎಂದು ನಾನು ಹೇಳಿ ನೋಡಿದೆ. ಅವರು ಬಿದಿರನ್ನು ಹಾಗೇ ಬಿಟ್ಟು ನನ್ನನ್ನು ಬದಲಿಸಿದರು. ಕಣ್ಣಿಗೆ ಗ್ಲಿಸರಿನ್ ಹಚ್ಚಿ, ಅಂಗಿ ಬಿಚ್ಚಿಸಿ, ಚಟ್ಟದ ಬೆನ್ನಿಗೆ ನಡೆಯುವವರ ಸಾಲಿನಲ್ಲಿ ನಿಲ್ಲಿಸಿದರು. ಸಂಜೆಯವರೆಗೆ ಆರು ಸಲ ಆ ಹುಲ್ಲಿನ ಚೀಲದ ಹಿಂದೆ ಅತ್ತೆವು.

ಬಸ್ ಸ್ಟ್ಯಾಂಡಿನಲ್ಲಿ ಕಾಖಂಡಕಿಯ ಪರಿಚಯದವರೊಬ್ಬರು ಸಿಕ್ಕರು. ನನ್ನ ಬೋಳು ಮೂತಿ ನೋಡಿದರು, ಕೆಂಪಗಾದ ಕಣ್ಣು ನೋಡಿದರು, ಕೈಮುಗಿದರು, ಏನೂ ಕೇಳದೆ ತಮ್ಮ ಬಸ್ಸು ಹತ್ತಿದರು. ಅಂಥ ಮುಖ ಕಂಡಾಗ ಕೆದಕಿ ಕೇಳುವುದು ನಮ್ಮ ಕಡೆ ಸರಿಯಲ್ಲ. ತಿಕೋಟಾದ ಬಸ್ಸಿನಲ್ಲಿ ಹಿರಿಯರೊಬ್ಬರು ಎದ್ದು ನನಗೆ ಜಾಗ ಕೊಟ್ಟರು. ದಣಿದಿದ್ದೆ, ಕೂತೆ. ಕಂಡಕ್ಟರ್ ಟಿಕೇಟು ಹರಿಯುತ್ತ, “ಧೈರ್ಯಾ ತಗೋರಿ,” ಅಂದ. ಮಾಸ್ತರರನ್ನು ಕಂಡರೆ ಈ ಬಸ್ಸಿನಲ್ಲಿ ಎಷ್ಟು ಗೌರವ ಎಂದುಕೊಂಡೆ.

ಮನೆಯ ಹೊಸ್ತಿಲು ದಾಟಿದಾಗ ಮಶೀನು ನಿಂತಿತು. ಅಪ್ಪ ಕನ್ನಡಕ ಮೇಲೇರಿಸಿ ನನ್ನ ಮುಖ ನೋಡಿದ.

“ಯಾರ್ ಸತ್ತಾರ?” ಅಂದ.

“ರಾಜಾ,” ಅಂದೆ. ನನಗೆ ಎಲ್ಲ ನೆನಪಾದದ್ದು ಆಗಲೇ. ಅಪ್ಪ ಕನ್ನಡಕ ಇಳಿಸಿಕೊಂಡು ಮತ್ತೆ ತುಳಿಯತೊಡಗಿದ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಕಾಖಂಡಕಿಯಿಂದ ನಮ್ಮ ಸೋದರತ್ತೆ, ಅಪ್ಪನ ತಂಗಿ, ಬಂದಿಳಿದಳು. ಓಣಿಯ ತುದಿಯಿಂದಲೇ ಅವಳ ಅಳು ಕೇಳಿಸಿತು. “ಯಣ್ಣಾ, ತವರಮನಿ ಬಾಗಲಾ ಮುಚ್ಚಿ ಹೋದೆಲ್ಲೋ ನನ್ನಪ್ಪಾ!”

ಅಪ್ಪ ಪಡಸಾಲೆಯಲ್ಲಿ ಕೂತು ಪುಂಡಿಪಲ್ಯ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದ. “ಬಾಗಲಾ ತೆರದೈತಿ, ಒಳಗ ಬಾ ಬೇ,” ಅಂದ.

ಅತ್ತೆ ಅಲ್ಲೇ ಕುಸಿದು ಕೂತಳು. ಅಪ್ಪನ ಕೈ, ಕೆನ್ನೆ, ತಲೆ ಎಲ್ಲ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳು ಅಂದದ್ದನ್ನು ಇಲ್ಲಿ ಬರೆಯಲಾರೆ, ಶಾಲೆಯ ಮಕ್ಕಳೂ ಓದಬಹುದು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅಪ್ಪ ನಗಲಿಲ್ಲ. ಕೈತೊಳೆದು ಅವ್ವನ ಕಡೆ ನೋಡಿ, “ನಾ ಸತ್ತ ಮ್ಯಾಲ ಹೆಂಗ ಕಾಣತಾನಂತ ಈಗ ತೋರಿಸಾಕ ಬಂದಾನ ನಿನ್ನ ಮಗಾ,” ಅಂದ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟ.

ಮೀಸೆ ಒಂದು ತಿಂಗಳಲ್ಲಿ ಬಂತು. ಮಾತು ಬರಲಿಲ್ಲ. ನಾನು ಎರಡು ಮೊಳ ದೂರದಲ್ಲಿ ಕೂತಿದ್ದರೂ, “ಅವಗ ಉಣ್ಣಾಕ ಬಾ ಅನ್ನು,” ಎಂದು ಅವ್ವನಿಗೆ ಹೇಳುತ್ತಿದ್ದ. ಪ್ರತಿ ವರ್ಷ ಶಾಲೆ ಶುರುವಾಗುವ ಮೊದಲು ಅಪ್ಪ ನನಗೊಂದು ಬಿಳಿ ಅಂಗಿ ಹೊಲಿಯುವುದಿತ್ತು, ನಾನು ಒಂದನೇ ಇಯತ್ತೆಗೆ ಹೋದಾಗಿನಿಂದ. ಆ ವರ್ಷ ಹೊಲಿಯಲಿಲ್ಲ. ನನಗೂ ಸಿಟ್ಟು ಬಂತು. ವಿಜಾಪುರಕ್ಕೆ ಹೋಗಿ, ದೊಡ್ಡ ಬೋರ್ಡು ಹಾಕಿಕೊಂಡಿದ್ದ ಟೇಲರನ ಹತ್ತಿರ ಹೊಲಿಸಿದೆ. ದರ್ಜಿಯ ಮಗನಾಗಿ ಬೇರೆ ದರ್ಜಿಯ ಅಂಗಿ ಹಾಕಿಕೊಂಡು ನಮ್ಮೂರಲ್ಲೇ ತಿರುಗಿದೆ. ಬಲ ಹೆಗಲ ಮೇಲೆ ಅದು ನೆರಿಗೆ ಬಿದ್ದು ಉಬ್ಬಿ ನಿಲ್ಲುತ್ತಿತ್ತು. ಎಷ್ಟು ಸಲ ಬಿಚ್ಚಿ ಹೊಲಿದುಕೊಟ್ಟರೂ ಅಷ್ಟೆ. ಅಪ್ಪ ದಿನಾ ಆ ನೆರಿಗೆಯನ್ನು ನೋಡುತ್ತಿದ್ದ, ನನ್ನನ್ನು ನೋಡುತ್ತಿರಲಿಲ್ಲ. ಇನ್ನು ಈ ಮನುಷ್ಯ ನನ್ನ ಜೊತೆ ಮಾತಾಡದೆಯೇ ಹೋಗಿಬಿಡುತ್ತಾನೆ ಎಂಬ ಹೆದರಿಕೆ ಹತ್ತಿಕೊಂಡಿತು.

ಮರುವರ್ಷ ಆ ಸಿನಿಮಾ ವಿಜಾಪುರಕ್ಕೆ ಬಂತು. ತಾನು ಅಷ್ಟು ಅತ್ತದ್ದು ಯಾವುದಕ್ಕೆಂದು ಕಣ್ಣಾರೆ ನೋಡಲೇಬೇಕು ಎಂದು ಅತ್ತೆ ಹಟ ಹಿಡಿದಳು. ತಂಗಿಯ ಜೊತೆಗೆಂದು ಅಪ್ಪ ಹೊರಟ. ಅತ್ತೆಯ ಈ ಮಗ್ಗುಲಿಗೆ ನಾನು, ಆ ಮಗ್ಗುಲಿಗೆ ಅಪ್ಪ ಕೂತೆವು.

ಮಧ್ಯಂತರ ಮುಗಿದ ಮೇಲೆ ರಾಜ ಸತ್ತ. ಸರಿಯಾಗಿ ಆಗಲೇ ಅತ್ತೆ ಎಲೆ ಅಡಿಕೆಯ ಚೀಲ ಹುಡುಕಲು ಬಗ್ಗಿದಳು. ನಮ್ಮ ಹತ್ತು ಜನರನ್ನು ಕ್ಯಾಮೆರಾ ಹಿಂದಿನಿಂದ ತೆಗೆದಿತ್ತು. ಬರೀ ಬೆನ್ನು, ಅದರಾಚೆ ಚಟ್ಟ, ಧೂಳು. ಆಮೇಲೆ ಮುಖ ಕಂಡದ್ದು ಹಿಂದೆ ಉಳಿದಿದ್ದ ಮೂವತ್ತು ಜನರದ್ದು, ಮೀಸೆ ಸಮೇತ. ನನ್ನ ಬೆನ್ನು ಯಾವುದೆಂದು ನನಗೇ ತಿಳಿಯಲಿಲ್ಲ. ಅತ್ತೆ ತಲೆ ಎತ್ತುವಷ್ಟರಲ್ಲಿ ಹೊಸ ರಾಜನ ಪಟ್ಟಾಭಿಷೇಕ ನಡೆದಿತ್ತು.

“ಎಲ್ಲಿದ್ದ್ಯೋ ನೀ?” ಎಂದು ಹೊರಗೆ ಬಂದ ಮೇಲೆ ಅತ್ತೆ ಕೇಳಿದಳು.

“ಕಾಣಲಿಲ್ಲ ಬಿಡತ್ತಿ,” ಅಂದೆ.

“ಎಡಕಿನಿಂದ ನಾಕನೇದಾಂವ,” ಎಂದ ಅಪ್ಪ, ತಂಗಿಗೆ. “ಅವನ ಬಲಗಡಿ ಹೆಗಲ ಅರ್ಧ ಇಂಚು ಇಳದೈತಿ. ಸಣ್ಣಾಂವ ಇದ್ದಾಗಿಂದ. ಅಂಗಿ ಹೊಲಿಯಾಂವಾ ನಾ, ನನಗ ಗೊತ್ತಾಗೂದಿಲ್ಲೇನು?”

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅಪ್ಪ ಬಲ ಹೆಗಲಿನ ಒಳಗೆ ಬಟ್ಟೆಯ ಒಂದು ಪದರು ಹೆಚ್ಚಿಗೆ ಕೊಟ್ಟು ಹೊಲಿಯುತ್ತ ಬಂದಿದ್ದ. ಊರಿಗೆ ಕಾಣದ ಹಾಗೆ, ನನಗೂ ಹೇಳದೆ. ಬಸ್ ಸ್ಟ್ಯಾಂಡಿನವರೆಗೆ ನಾನು ಅವರಿಬ್ಬರ ಹಿಂದೆ ನಡೆದೆ. ನನಗೆ ಅಳು ಬಂದಿತ್ತು, ಅದು ಅತ್ತೆಗೆ ಕಂಡರೆ ಮತ್ತೆ ಬೈಗುಳ ಶುರುವಾಗುತ್ತಿತ್ತು.

ಮರುದಿನ ಅಪ್ಪ ಕೊರಳಿನ ಟೇಪು ತೆಗೆದು ನನ್ನ ಮುಂದೆ ಬಂದು ನಿಂತ. “ಆ ಅಂಗಿ ತಗೀ. ನೋಡಾಕಾಗವಲ್ದು,” ಅಂದ. ವರ್ಷದ ಮೇಲೆ ನೇರ ನನಗೇ ಆಡಿದ ಮಾತು ಅದು.

ಆ ದಶಕ ಮುಗಿಯುವ ಮೊದಲು ಅಪ್ಪ ತೀರಿಕೊಂಡ. ಕ್ಷೌರಿಕ ಬಂದ, ಮೀಸೆ ಹೋಯಿತು. ಸೊಲ್ಲಾಪುರದ ಗಿರಣಿಯಲ್ಲಿದ್ದ ನನ್ನ ಅಣ್ಣ ಬಂದು ಬೆಂಕಿ ಹಿಡಿದು ಮುಂದೆ ನಡೆದ. ನಾನು ಹೆಗಲು ಕೊಟ್ಟೆ. ಮೈಮೇಲೆ ಅಂಗಿ ಇರಲಿಲ್ಲ. ಓಣಿ ದಾಟುವಷ್ಟರಲ್ಲಿ ಚಟ್ಟ ನನ್ನ ಮೂಲೆಗೆ ವಾಲಿತು. “ಮಾಸ್ತರ, ಆ ಮೂಲಿ ಮ್ಯಾಲ ಹಿಡೀರಿ,” ಎಂದು ಹಿಂದಿನಿಂದ ಯಾರೋ ಅಂದರು. ಇನ್ನೊಬ್ಬರು ಬಂದು ನನ್ನ ಹೆಗಲಿನಿಂದ ಬಿದಿರು ತೆಗೆದುಕೊಳ್ಳಲು ಕೈಹಾಕಿದರು.

ಹೆಂಗಸರ ನಡುವೆ ನಿಂತಿದ್ದ ಅತ್ತೆ ಅಳು ನಿಲ್ಲಿಸಿದಳು. “ಇರಲಿ ಬಿಡ್ರಿ, ನಮ್ಮಣ್ಣಗ ಗೊತ್ತೈತಿ ಅದು,” ಅಂದಳು.

ಆ ಸಲ ನನ್ನನ್ನು ಯಾರೂ ಬದಲಿಸಲಿಲ್ಲ.