ಆ ತುದಿಯ ಬಾವ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಮೊದಮೊದಲು ವಿವರವಾಗಿ ಹೇಳುತ್ತಿದ್ದೆ. ಅರ್ಧಕ್ಕೇ ಅವರ ಕಣ್ಣು ಬೇರೆಲ್ಲೋ ಹೋಗುವುದನ್ನು ನೋಡಿ ನೋಡಿ, ಈಗ ‘ನೆಟ್ ಹಾಕೋದು’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ವಿವರ ದೊಡ್ಡದೇನಲ್ಲ. ತಂತಿ ಎಳೆಯಲಾಗದ ಕಡೆ ಒಂದು ಮಾಳಿಗೆಯ ಮೇಲೆ ಒಂದು ಡಿಶ್, ಮೂರು ನಾಲ್ಕು ಕಿಲೋಮೀಟರ್ ಆಚೆಯ ಮಾಳಿಗೆಯ ಮೇಲೆ ಇನ್ನೊಂದು ಡಿಶ್ ಕೂರಿಸಿ, ಎರಡೂ ಒಂದನ್ನೊಂದು ನೇರ ನೋಡುವಂತೆ ತಿರುಗಿಸಬೇಕು. ನೋಡಿಕೊಂಡರೆ ಲಿಂಕ್ ಕೂಡಿತು, ನೆಟ್ ಬರುತ್ತದೆ, ಸ್ವಲ್ಪ ಮುಖ ತಿರುಗಿಸಿದರೂ ಬರುವುದಿಲ್ಲ. ಚಳ್ಳಕೆರೆಯ ಸುತ್ತ ಬಯಲಿಗೆ ಬರವಿಲ್ಲ. ಮೊಳಕಾಲ್ಮೂರಿನ ಕಡೆ ಹೋದಂತೆ ಗುಡ್ಡಗಳು, ಗುಂಡುಕಲ್ಲುಗಳು ಅಡ್ಡ ಬರುತ್ತವೆ. ದನ ಮೇಯುತ್ತಿದ್ದ ಹುಲ್ಲಿನ ಕಾವಲುಗಳಿಗೆ ಸರ್ಕಾರಿ ಸಂಸ್ಥೆಗಳ ಗೋಡೆ ಎದ್ದ ಮೇಲೆ ಎಷ್ಟೋ ಹಟ್ಟಿಗಳಿಗೆ ನೇರ ದಾರಿ ಉಳಿದಿಲ್ಲ. ಕಣ್ಣೆದುರಿಗೇ ಕಾಣುವ ಹಟ್ಟಿಗೆ ಗಾಡಿಯಲ್ಲಿ ಸುತ್ತಿ ಬಳಸಿ ಹೋಗಬೇಕು.

ಈ ಕೆಲಸಕ್ಕೆ ಇಬ್ಬರು ಬೇಕು, ತುದಿಗೊಬ್ಬರು. ಡಿಶ್ ತಿರುಗಿಸುವವನ ಎರಡೂ ಕೈಗೆ ಪುರುಸೊತ್ತಿರುವುದಿಲ್ಲ, ಬಿಸಿಲಿಗೆ ಅವನಿಗೆ ಫೋನಿನ ಪರದೆಯೂ ಕಾಣುವುದಿಲ್ಲ. ಆ ತುದಿಯವನು ನೆರಳಿನಲ್ಲಿ ಕೂತು ಸಿಗ್ನಲ್ ಎಷ್ಟು ಬರುತ್ತಿದೆಯೆಂದು ನೋಡುತ್ತ ಫೋನಿನಲ್ಲಿ ಹೇಳುತ್ತಾನೆ: ಇನ್ನೂ ಅತ್ತ, ಸ್ವಲ್ಪ ಇತ್ತ, ಒಂದು ಚೂರು ಮೇಲೆ. ಈ ತುದಿ ಮುಗಿದ ಮೇಲೆ ಅವನು ತಿರುಗಿಸುತ್ತಾನೆ, ಇವನು ಹೇಳುತ್ತಾನೆ.

ನನ್ನ ಪಾಲಿನ ಆ ತುದಿಯವನು ಮೊಳಕಾಲ್ಮೂರಿನವನು. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಾವು ಒಬ್ಬರನ್ನೊಬ್ಬರು ಬಾವ ಎಂದು ಕರೆಯುತ್ತೇವೆ. ನೆಂಟಸ್ತನ ಏನೂ ಇಲ್ಲ, ಗಡಿಯ ಕಡೆ ಸಲುಗೆಗೆ ಹಾಗನ್ನುವುದು ರೂಢಿ. ವರ್ಷಗಟ್ಟಲೆ ಒಟ್ಟಿಗೆ ಕೆಲಸ ಮಾಡಿದ್ದೇವೆ, ಆದರೆ ಕೆಲಸದ ಹೊತ್ತಿನಲ್ಲಿ ಅವನ ಮುಖ ನಾನು ಕಂಡದ್ದು ಕಡಿಮೆ. ನಾನು ಇಲ್ಲಿದ್ದರೆ ಅವನು ಅಲ್ಲಿ. ಹಾಗಾಗಿ ನನ್ನ ಮಟ್ಟಿಗೆ ಬಾವ ಎಂದರೆ ಒಂದು ದನಿ, ಅದೂ ಗಂಟಲು ಹರಿಯುವಂಥ ದನಿ. ಅವನು ಫೋನಿನಲ್ಲಿ ಮಾತಾಡುತ್ತಿದ್ದರೆ ಫೋನೇ ಬೇಡವೇನೋ ಅನ್ನಿಸುತ್ತಿತ್ತು.

ಮೊದಲ ವರ್ಷ ನಡೆದದ್ದನ್ನು ಹೇಳುತ್ತೇನೆ. ನಾನು ಡಿಶ್ ತಿರುಗಿಸುತ್ತಿದ್ದೆ. ಬಾವ ಒಂದೇ ಸಮನೆ ‘ಚಾಲು, ಚಾಲು’ ಎಂದು ಕೂಗತೊಡಗಿದ. ನಾನು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸದ್ದಿನಲ್ಲಿ ಬೆಳೆದವನು. ನಮ್ಮಲ್ಲಿ ಚಾಲು ಎಂದರೆ ಯಂತ್ರ ನಡೆಯುತ್ತಿರಬೇಕು. ನಾನು ತಿರುಗಿಸುತ್ತಲೇ ಹೋದೆ. ಅವನು ಇನ್ನೂ ಜೋರಾಗಿ ಚಾಲು ಅಂದ, ನಾನು ಇನ್ನೂ ಜೋರಾಗಿ ತಿರುಗಿಸಿದೆ. ಕೊನೆಗೆ ಡಿಶ್ ಜಟಿಂಗ ರಾಮೇಶ್ವರದ ಗುಡ್ಡಕ್ಕೆ ಮುಖ ಮಾಡಿ ನಿಂತಿತು.

“ಲೇ, ಯಾವ್ ದೇವ್ರಿಗ್ ತೋರಿಸ್ತಿದ್ದೀಯಲೇ ಅದ್ನ? ಚಾಲು ಅಂದ್ರೆ ಸಾಕು ಅಂತ ಕಣಲೇ ಬಾವ!” ಎಂದು ಅವನು ಉಗಿದ.

ತೆಲುಗಿನಲ್ಲಿ ಅದಕ್ಕೆ ಸಾಕು ಎಂಬ ಅರ್ಥವೆಂದು ನನಗೆ ತಿಳಿದದ್ದು ಆ ಮಾಳಿಗೆಯ ಮೇಲೆ. ‘ಸಾಕು ಅಂತ್ಲೇ ಹೇಳು’ ಎಂದು ಎಷ್ಟು ಸಲ ಹೇಳಿದರೂ ಅವಸರದಲ್ಲಿ ಅವನ ಬಾಯಿಗೆ ತೆಲುಗೇ ಬರುತ್ತಿತ್ತು. ಹಟ ಮಾಡಿ ಪ್ರಯೋಜನವಿರಲಿಲ್ಲ, ನಾನೇ ಕಲಿತೆ.

ಇನ್ನೊಂದು ಮಾತನ್ನು ಹುಟ್ಟಿಸಿದವನೂ ಅವನೇ. ಡಿಶ್ ತಿರುಗಿಸುವಾಗ ಸಿಗ್ನಲ್ ಒಮ್ಮೆ ಏರಿ ಮತ್ತೆ ಇಳಿಯುತ್ತದೆ. ಹೊಸಬರು ಅದೇ ಶಿಖರ ಅಂದುಕೊಂಡು ಬೋಲ್ಟು ಬಿಗಿದುಬಿಡುತ್ತಾರೆ. ನಿಜವಾದದ್ದು ಅದರ ಪಕ್ಕದಲ್ಲೇ, ಇನ್ನೂ ಎತ್ತರದಲ್ಲಿರುತ್ತದೆ. ಬಾವ ಮೊದಲನೆಯದನ್ನು ತಮ್ಮ ಅಂತಲೂ ಎರಡನೆಯದನ್ನು ಅಣ್ಣ ಅಂತಲೂ ಕರೆಯುತ್ತಿದ್ದ. “ಇವ್ನು ತಮ್ಮ ಕಣಲೇ, ಮಾತಾಡಿಸ್ಬ್ಯಾಡ. ಅಣ್ಣ ಇನ್ನೂ ಅತ್ಲಾಗವ್ನೆ” ಅನ್ನುವನು. ಬೋಲ್ಟು ಬಿಗಿದ ಮೇಲೂ ಫೋನ್ ಇಡುತ್ತಿರಲಿಲ್ಲ. ಆ ಹಟ್ಟಿಯಲ್ಲಿ ಯಾರು ಮಜ್ಜಿಗೆ ಕೊಟ್ಟರು, ಯಾರ ಟಗರು ಯಾರಿಗೆ ಗುದ್ದಿತು, ದಾರಿಯಲ್ಲಿ ಯಾವ ಬಸ್ಸು ಕೆಟ್ಟು ನಿಂತಿತ್ತು, ಎಲ್ಲ ಒಪ್ಪಿಸುವನು. ನಾನು ಹೂಂಗುಟ್ಟುತ್ತ ಸ್ಪಾನರುಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದೆ. “ಬಾಯಿ ಬಿಟ್ರೆ ಮುತ್ತು ಉದುರೋಗ್ತಾವಾ ನಿಂಗೆ?” ಎಂದು ಕೊನೆಗೊಮ್ಮೆ ಕೇಳಿ ಇಡುವನು. ನನಗೆ ಅವನ ಮಾತು ಕಿರಿಕಿರಿಯಾಗುತ್ತಿತ್ತು ಎಂದೇ ಅಂದುಕೊಂಡಿದ್ದೆ.

ಹೋದ ವರ್ಷ ಅವನ ದನಿ ಒಡೆಯಿತು. ಧೂಳಿಗೆ ಹೀಗಾಗಿದೆಯೆಂದು ಅವನೂ ಅಂದ, ನಾನೂ ಅಂದೆ. ಬಿಸಿನೀರು, ಕಷಾಯ, ಗುಳಿಗೆ ಎಲ್ಲ ಆಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಗಂಟಲೊಳಗೆ ಕ್ಯಾಮೆರಾ ಬಿಟ್ಟು ನೋಡಿದವರು, ಧ್ವನಿಪೆಟ್ಟಿಗೆಯಲ್ಲಿ ಗಂಟು ಬೆಳೆದಿದೆ, ಜೀವ ಉಳಿಯಬೇಕಾದರೆ ಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ತೆಗೆದರು. ಈಗ ಅವನು ಉಸಿರಾಡುವುದು ಕುತ್ತಿಗೆಯಲ್ಲಿರುವ ತೂತಿನಿಂದ. ಅದರ ಮೇಲೆ ಸದಾ ಒಂದು ತೆಳು ಬಟ್ಟೆ ಇರುತ್ತದೆ. ದನಿ ಇಲ್ಲ.

ಗುಣವಾದ ಮೇಲೆ ನೋಡಲು ಹೋದೆ. ಅವನ ಹೆಂಡತಿ ಪಡಸಾಲೆಯಲ್ಲಿ ರಾಟೆಯ ಮುಂದೆ ಕೂತು ರೇಷ್ಮೆ ಸುತ್ತುತ್ತಿದ್ದರು. ಬಾವ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದ. ನನ್ನನ್ನು ಕಂಡು ಕೈ ಎತ್ತಿದ, ಅಷ್ಟೇ.

“ದಿನಾ ಹಿಂಗೇ ಕುಂತಿರ್ತಾರಣ್ಣ,” ಎಂದರು ಆಕೆ. “ಊಟ ಬಿಟ್ಟವ್ರೆ. ಕರ್ಕೊಂಡೋಗ್ರಿ ಕೆಲ್ಸಕ್ಕೆ. ಮನ್ಯಾಗೆ ಬಿಟ್ರೆ ಇವ್ರು ನಮಗ್ ಉಳಿಯಲ್ಲ.”

ಆ ಮಾತು ಅವನಿಗೂ ಕೇಳಿಸಿತು. ಅವನ ಕಿವಿಗೇನೂ ಆಗಿರಲಿಲ್ಲ. ತಿರುಗಿ ನನ್ನನ್ನೇ ನೋಡಿದ, ನಾನು ಏನು ಹೇಳುತ್ತೇನೋ ಎಂದು.

ನಮಗೆ ಕೆಲಸ ಕೊಡುವ ಮಾಲೀಕರು ಚಳ್ಳಕೆರೆಯವರು. ಕೇಬಲ್ ಟಿವಿ ನಡೆಸುತ್ತಿದ್ದು ನೆಟ್ಟಿಗೆ ಬಂದ ಆಸಾಮಿ. ಕೆಟ್ಟವರಲ್ಲ, ಅವಸರದವರು. ಬಾವನ ಮನೆಗೆ ಹೋಗುವ ಮೊದಲೇ ನಾನು ಅವರನ್ನು ಕೇಳಿದ್ದೆ. “ಫೋನ್‌ನಾಗೆ ಮಾತಾಡೋ ಕೆಲ್ಸಕ್ಕೆ ಮಾತೇ ಇಲ್ದೋನ್ನ ಹೆಂಗ್ ಕಳ್ಸಾದಲೇ?” ಅಂದಿದ್ದರು. “ಒಂದ್ ಲಿಂಕ್ ಹಾಕಿ ತೋರಿಸ್ರಿ. ಆಗ್ಲಿಲ್ಲ ಅಂದ್ರೆ ಬ್ಯಾರೆಯವ್ರನ್ನ ನೋಡ್ಕಂತೀನಿ.” ಅದನ್ನೇ ಬಾವನಿಗೆ ಇದ್ದ ಹಾಗೆ ಹೇಳಿದೆ. ಸಮಾಧಾನದ ಮಾತು ಸೇರಿಸುವುದು ನನಗೆ ಬರುವುದಿಲ್ಲ.

ಆಮೇಲೆ ದಾರಿ ಹುಡುಕಲು ಕೂತೆವು. ಮೆಸೇಜ್ ಟೈಪು ಮಾಡುವಷ್ಟರಲ್ಲಿ ಡಿಶ್ ಎಲ್ಲೋ ಹೋಗಿರುತ್ತದೆ, ಅದಾಗದು. ನಾನು ಬುದ್ಧಿವಂತನಂತೆ “ಸಿಳ್ಳೆ ಹಾಕು” ಅಂದೆ. ಆಕೆ ರಾಟೆ ನಿಲ್ಲಿಸಿದರು. ಬಾಯಿಯಿಂದ ಗಾಳಿಯೇ ಬರದವನು ಸಿಳ್ಳೆ ಹೇಗೆ ಹಾಕುತ್ತಾನೆ? ಬಾವ ಮಾತ್ರ ನನ್ನನ್ನು ಹಳೆಯ ರೀತಿಯಲ್ಲೇ ನೋಡಿದ, ಇಂಥ ದಡ್ಡನನ್ನು ಎಲ್ಲಿಂದ ಹಿಡಿದು ತಂದರೋ ಎಂಬ ನೋಟ. ಎದ್ದು ಹೋಗಿ ಚೀಲದಿಂದ ಸ್ಪಾನರ್ ತಂದು ಮಂಚದ ಕಬ್ಬಿಣದ ಕಾಲಿಗೆ ಬಡಿದ. ಟಣ್ ಎಂದಿತು.

ಒಂದು ಬಡಿತವಾದರೆ ಅದೇ ಕಡೆ ಇನ್ನೂ ತಿರುಗಿಸು, ಎರಡಾದರೆ ಹಿಂದಕ್ಕೆ ಬಾ, ಮೂರಾದರೆ ಸಾಕು. ಹೀಗೆ ಗೊತ್ತು ಮಾಡಿಕೊಂಡೆವು. ಅಭ್ಯಾಸಕ್ಕೆಂದು ನಾನು ಕಣ್ಣು ಮುಚ್ಚಿ ಗೋಡೆಯ ಮೇಲಿನ ಕ್ಯಾಲೆಂಡರ್ ತಿರುಗಿಸುತ್ತಿದ್ದೆ, ಅವನು ಬಡಿಯುತ್ತಿದ್ದ. ನಡುವೆ ಪಕ್ಕದ ಮನೆಯ ಮಗ್ಗ ಬಾಯಿ ಹಾಕಿ ಲೆಕ್ಕ ತಪ್ಪಿಸಿತು. ಅವನ ಹೆಂಡತಿ ಗೋಡೆಯಾಚೆಗೆ ತೆಲುಗಿನಲ್ಲಿ ಏನೋ ಕೂಗಿ ಹೇಳಿದ ಮೇಲೆ ಮಗ್ಗ ಸ್ವಲ್ಪ ಹೊತ್ತು ನಿಂತಿತು.

ಮಾಲೀಕರು ತೋರಿಸಿದ ಲಿಂಕ್ ಒಂದು ಹಟ್ಟಿಯದು. ಅಲ್ಲಿಯ ನ್ಯಾಯಬೆಲೆ ಅಂಗಡಿಗೆ ನೆಟ್ ಇರಲಿಲ್ಲ. ಫೋನಿನಲ್ಲಿ ಮಾತು ಹೋಗುತ್ತಿತ್ತೇ ಹೊರತು ಹೆಬ್ಬೆಟ್ಟಿನ ಯಂತ್ರ ಕೆಲಸ ಮಾಡುತ್ತಿರಲಿಲ್ಲ. ರೇಷನ್ ಬೇಕಾದವರು ಹೆಬ್ಬೆಟ್ಟು ಒತ್ತಲು ರಸ್ತೆಯವರೆಗೆ ನಡೆದು ಬರಬೇಕಿತ್ತು. ಈಚೆ ಊರಿನ ಶಾಲೆಯ ಮಾಳಿಗೆಯಿಂದ ಹಟ್ಟಿ ಚೆನ್ನಾಗಿ ಕಾಣುತ್ತದೆ. ನಾನು ಶಾಲೆಯ ಮೇಲೆ, ಬಾವ ಅಂಗಡಿಯ ಮೇಲೆ. ಭಾನುವಾರ, ಗೇಟು ತೆಗೆಯಲು ಹೆಡ್ಮಾಸ್ಟರೇ ಬಂದಿದ್ದರು. ಆಷಾಢದ ಗಾಳಿ. ಮಾಲೀಕರೂ ಕಬ್ಬಿಣದ ಏಣಿ ಹತ್ತಿ ಬಂದು ನನ್ನ ಪಕ್ಕದಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತರು.

ನನಗೆ ಹೆದರಿಕೆಯಾಗಿತ್ತು. ಕೆಲಸ ಕೆಟ್ಟರೆ ನನಗೇನೂ ಆಗುವುದಿಲ್ಲ, ಬೇರೆ ಜೊತೆಗಾರ ಸಿಗುತ್ತಾನೆ. ಅವನು ಮಾತ್ರ ಮತ್ತೆ ಆ ಮಂಚಕ್ಕೆ, ಆ ಗೋಡೆಗೆ ವಾಪಸಾಗಬೇಕು.

ಹಟ್ಟಿಯ ಮೇಲೆ ಏನೋ ಮಿಂಚಿತು. ಗುರುತಿಗೆಂದು ಬಾವ ಸ್ಟೀಲ್ ತಟ್ಟೆಯನ್ನು ಬಿಸಿಲಿಗೆ ಹಿಡಿದಿದ್ದ. ನಾನು ಡಿಶ್ಶಿನ ಮುಖವನ್ನು ಅಂದಾಜಿನಲ್ಲಿ ಅತ್ತ ಮಾಡಿ ಫೋನ್ ಹಚ್ಚಿದೆ. ಮೊದಲು ಕೇಳಿಸಿದ್ದು ಕುರಿಗಳ ಸದ್ದು, ಆಮೇಲೆ ಯಾರೋ ಕೆಮ್ಮಿದ್ದು. ಆ ತುದಿಯಲ್ಲಿ ಇಷ್ಟೆಲ್ಲ ಸದ್ದು ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ, ಇಷ್ಟು ವರ್ಷ ಎಲ್ಲವನ್ನೂ ಬಾವನ ಗಂಟಲು ಮುಚ್ಚಿಬಿಟ್ಟಿತ್ತು. ಅವನು ಪರದೆ ಕಾಣಲೆಂದು ಕಂಬಳಿಯ ಮುಸುಕು ಹಾಕಿಕೊಂಡು ಕೂತಿದ್ದನಂತೆ. ಅದೂ ಫೋನಿನಲ್ಲಿಯೇ ತಿಳಿಯಿತು. ಕೆಳಗೆ ನೆರೆದಿದ್ದವರಲ್ಲಿ ಮುದುಕಿಯೊಬ್ಬಳ ಮಾತು ಕೇಳಿಸಿತು: “ಅಯ್ಯೋ, ಕಂಬಳಿ ಹೊದ್ಕಂಡು ಕಂಬ ಬಡಿತಾನಲ್ಲೇ. ದೇವ್ರು ಬರ್ತೈತೇನೋ?”

“ಇಲ್ಲವ್ವ, ನೆಟ್ಟಂತೆ ಬರಾದು,” ಎಂದಿತು ಇನ್ನೊಂದು ದನಿ.

ಟಣ್. ನಾನು ತಿರುಗಿಸಿದೆ. ಟಣ್. ಇನ್ನೂ ತಿರುಗಿಸಿದೆ. ಟಣ್ ಟಣ್. ಹಿಂದಕ್ಕೆ ಬಂದೆ. ಗಾಳಿ ಜೋರಾಗಿದ್ದರೂ ಕಬ್ಬಿಣದ ಸದ್ದು ಸ್ಪಷ್ಟವಾಗಿ ಬರುತ್ತಿತ್ತು. ಫೋನನ್ನು ಅವನು ಮುಸುಕಿನೊಳಗೇ ಡಿಶ್ಶಿನ ಕಬ್ಬಿಣದ ಕಂಬಕ್ಕೆ ಕಟ್ಟಿದ್ದ. ಮನುಷ್ಯನ ದನಿಯಾಗಿದ್ದರೆ ಆ ಗಾಳಿಯಲ್ಲಿ ಅರ್ಧಕ್ಕರ್ಧ ಹಾರಿಹೋಗುತ್ತಿತ್ತು. ತಮ್ಮನನ್ನು ದಾಟಿಸಿ ಅಣ್ಣನ ಹತ್ತಿರ ತಂದು ನಿಲ್ಲಿಸಿ ಮೂರು ಸಲ ಬಡಿದ. ಬೋಲ್ಟುಗಳನ್ನು ಅತ್ತ ಒಂದಿಷ್ಟು ಇತ್ತ ಒಂದಿಷ್ಟು ಬಿಗಿದೆ. ಆಮೇಲೆ ಅವನು ತಿರುಗಿಸಿದ, ನಾನು ಬಾಯಲ್ಲೇ ಹೇಳಿದೆ. ಲಿಂಕ್ ಕೂಡಿತು, ಎಂದಿಗಿಂತ ಬೇಗ.

“ಆತಲ್ಲ. ಹಿಂಗೇ ಮಾಡ್ಕಂಡೋಗ್ರಿ,” ಎಂದು ಮಾಲೀಕರು ಏಣಿಯ ಕಡೆ ನಡೆದರು. ಬಾವನ ಕೆಲಸ ಉಳಿಯಿತು.

ನನಗೆ ಸಂತೋಷವಾಗಬೇಕಿತ್ತು. ಆದರೆ ಕೆಲಸ ಇಷ್ಟು ಸಲೀಸಾಗಿ ನಡೆದದ್ದೇ ನನಗೆ ಸೇರಲಿಲ್ಲ. ಲಿಂಕಿಗೆ ಬೇಕಾದದ್ದು ಮೂರು ಬಡಿತ ಮಾತ್ರ ಎಂದಾದರೆ, ಇಷ್ಟು ವರ್ಷ ಅವನು ಕೂಗಿದ್ದು, ಬೈದದ್ದು, ಮಜ್ಜಿಗೆ, ಟಗರು, ಕೆಟ್ಟು ನಿಂತ ಬಸ್ಸು, ಅದೆಲ್ಲ ಯಾರಿಗಾಗಿ? ನಾನೊಬ್ಬನೇ ತಾನೆ ಆ ಕಡೆ ಇದ್ದವನು. ಬಿಟ್ಟಿಯಾಗಿ ಸಿಗುತ್ತಿದ್ದುದಕ್ಕೆ ಹೂಂಗುಟ್ಟಿ ಕೂತಿದ್ದೆ. ಆ ದನಿ ಇನ್ನು ಕೇಳಿಸುವುದಿಲ್ಲವಲ್ಲ ಎಂದು ಆ ಮಾಳಿಗೆಯ ಮೇಲೆ ಮೊದಲ ಸಲ ನನಗೆ ಅಳು ಬಂತು. ಗಾಳಿ ಇತ್ತು, ಕಣ್ಣು ಒರೆಸಿಕೊಂಡರೆ ಯಾರೂ ಕೇಳುವ ಹಾಗಿರಲಿಲ್ಲ.

ಸ್ಪಾನರುಗಳನ್ನು ಚೀಲಕ್ಕೆ ಹಾಕಿ ಫೋನ್ ಇಡಲು ನೋಡಿದರೆ ಕರೆ ಇನ್ನೂ ನಡೆಯುತ್ತಿತ್ತು. ಬಾವ ಇಟ್ಟಿರಲಿಲ್ಲ. ಅಲ್ಲಿ ಗಾಳಿ, ಕುರಿ, ಮತ್ತೇನೂ ಇಲ್ಲ. ಅವನು ಕಾಯುತ್ತಿದ್ದಾನೆಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಈಗ ಮಾತಾಡಬೇಕಾದವನು ನಾನು.

ಏನು ಹೇಳುವುದು? ಹವಾಮಾನ ಹೇಳಿದೆ. ಶಾಲೆಯ ನೀರಿನ ಟ್ಯಾಂಕು ಸೋರುತ್ತಿದೆ ಅಂದೆ. ಎರಡೂ ಎಲ್ಲಿಯೂ ತಲುಪಲಿಲ್ಲ. ಕೆಳಗೆ ನೋಡಿದೆ. ಗೇಟಿನ ಹತ್ತಿರ ಮಾಲೀಕರು ಬಿಲ್ ಬುಕ್ಕನ್ನು ಬೆನ್ನ ಹಿಂದೆ ಹಿಡಿದು ನಡೆದು ಹೋಗುತ್ತಿದ್ದರು.

“ಬಾವ, ನಮ್ ಮಾಲೀಕ್ರು ಇಲ್ಲಿಂದ ಏಣಿ ಇಳಿದ್ರು,” ಎಂದು ಶುರು ಮಾಡಿದೆ. “ಇಳಿವಾಗ ಪ್ಯಾಂಟು ಕೊಕ್ಕೆಗೆ ಸಿಕ್ಕಂತು. ಎಳದ್ರು. ಹಿಂದ್ಗಡೆ ಪರ್ ಅಂತ ಹರಿದೋತು. ಈಗ ಬಿಲ್ ಬುಕ್ಕು ಹಿಂದಕ್ ಹಿಡ್ಕಂಡು ಹೋಗ್ತಾ ಅವ್ರೆ. ಎದುರ್‍ಗೆ ಹೆಡ್‌ಮಾಸ್ಟ್ರು ಬಂದು ಕೈ ಮುಗುದ್ರು. ಇವ್ರು ಕೈ ಮುಗಿಯಂಗಿಲ್ಲ, ಬುಕ್ಕು ಬಿಡಂಗಿಲ್ಲ...”

ಹೇಳಿ ನಿಲ್ಲಿಸಿದೆ. ಆ ಕಡೆಯಿಂದ ಏನೂ ಬರಲಿಲ್ಲ. ಮಾತಿನ ಜೊತೆಗೆ ನಗುವಿನ ಸದ್ದೂ ಹೋಗಿರುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಹೇಳಬಾರದಿತ್ತು ಅನ್ನಿಸಿತು.

ಆಗ ಕಂಬದ ಮೇಲೆ ಸ್ಪಾನರ್ ಬಡಿಯಿತು. ಒಂದು, ಎರಡು, ಮೂರು. ಸಾಕು ಎನ್ನುತ್ತಿದ್ದಾನೆ ಅಂದುಕೊಂಡೆ. ಆದರೆ ಬಡಿತ ನಿಲ್ಲಲಿಲ್ಲ. ನಾಲ್ಕು, ಐದು, ಆಮೇಲೆ ಎಣಿಸಲಾಗದಂತೆ ಟಣಟಣ ಎಂದು, ತಾಳ ತಪ್ಪಿ, ನಡುವೆ ಒಮ್ಮೆ ನಿಂತು, ತಡೆಯಲಾರದೆ ಮತ್ತೆ ಶುರುವಾಯಿತು. ಕೆಳಗಿನ ಮುದುಕಿ ಈ ಸಲ ದೇವರು ಬಂದೇ ಬಂತೆಂದು ಕೂಗಿದಳು. ಬಾವ ನಗುತ್ತಿದ್ದ.