ಮುನಿರತ್ನಮ್ಮ ತೊಳೆದ ಬೀಕರ್

ಇವತ್ತು ಬೆಳಿಗ್ಗೆ ಯಲಹಂಕದ ನಮ್ಮ ಲ್ಯಾಬಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಹಾಲಿನಂತೆ ಬೆಳ್ಳಗಾದ ದ್ರಾವಣದ ಬೀಕರನ್ನು ನನ್ನ ಮೂಗಿಗೇ ಹಿಡಿದು, ‘ಮ್ಯಾಮ್, ಮುನಿರತ್ನಮ್ಮ ಸರಿಯಾಗಿ ತೊಳೆದಿಲ್ಲ’ ಅಂದಳು. ನನಗೆ ಮುಖ ಬಿಸಿಯಾಯಿತು. ಇದೇ ಮಾತನ್ನು ಒಂಬತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ನಾನೂ ಆಡಿದ್ದೆ, ಅದೂ ಗಂಟಲು ಹರಿಯುವ ಹಾಗೆ.

ಆಗ ನಾನು ಪಿಎಚ್.ಡಿ. ವಿದ್ಯಾರ್ಥಿನಿ. ಕೆಲಸ ಏನು ಅಂತೀರಾ? ಪಾಲಿಮರ್ ಪುಡಿಯನ್ನು ಬಿಸಿನೀರಲ್ಲಿ ಗಂಜಿಯ ಹಾಗೆ ಕರಗಿಸಿ, ಬೆಳ್ಳಿಯ ಲವಣ ಬೆರೆಸಿ, ತಟ್ಟೆಗೆ ಹುಯ್ದು ಒಣಗಿಸಿ, ಕಾಯಿಸುವುದು. ಆ ತೆಳು ಹಾಳೆಯ ಒಳಗೇ ಕಣ್ಣಿಗೆ ಕಾಣದ ಬೆಳ್ಳಿ ಕಣಗಳು ಹುಟ್ಟಿದರೆ ಹಾಳೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹೌದು ಸ್ವಾಮಿ, ಬೆಳ್ಳಿಯೇ. ಅಷ್ಟು ಸಣ್ಣದಾದರೆ ಹಳದಿ. ನಮ್ಮಮ್ಮ ಇದನ್ನು ಕೊನೆಗೂ ನಂಬಲಿಲ್ಲ. ನನ್ನ ದ್ರಾವಣ ಮಾತ್ರ ಲವಣ ಬೆರೆಸಿದ ಕೂಡಲೇ ಬೆಳ್ಳಗೆ ಕದಡುತ್ತಿತ್ತು. ಬೋರ್‌ವೆಲ್ ನೀರಿನ ಉಪ್ಪು ಚೂರು ಸೇರಿದರೂ ಹೀಗೇ. ಅದಕ್ಕೇ ಪಾತ್ರೆಗಳಿಗೆಲ್ಲ ಕೊನೆಗೆ ಬಟ್ಟಿ ಇಳಿಸಿದ ನೀರು ಹಾಕಬೇಕು. ತೊಳೆಯುತ್ತಿದ್ದವರು ಪಕ್ಕದ ಕೋಗಿಲಿನಿಂದ ಬರುತ್ತಿದ್ದ ಅಟೆಂಡರ್ ಮುನಿರತ್ನಮ್ಮ. ಆರನೇ ಸಲವೂ ಕದಡಿದಾಗ ಎಲ್ಲರೆದುರು ಅವರಿಗೆ ಬಾಯಿಗೆ ಬಂದಂತೆ ಬೈದೆ.

ಮರುದಿನ ಅವರು ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತರು. ‘ನೀವು ಮಾಡಿ ಮೇಡಂ, ನಾನು ನೋಡ್ತೀನಿ.’ ಹಠ ಅಂದರೆ ಹಠ, ಊಟಕ್ಕೂ ಏಳಲಿಲ್ಲ. ದ್ರಾವಣ ಕಲಕುವ ಅಯಸ್ಕಾಂತದ ಗುಳಿಗೆಯನ್ನು ನಾನು ನಲ್ಲಿಯ ಕೆಳಗೆ ತೊಳೆದು ಬೀಕರಿಗೆ ಹಾಕಹೋದಾಗ ಕೈ ಹಿಡಿದುಕೊಂಡರು.

‘ಬೀಕರ್‌ನ ನಾನು ಅಷ್ಟು ಸುದ್ದ ಮಾಡಿಕೊಟ್ರೆ, ಗುಳಿಗೇನ ಬೋರ್ ನೀರಲ್ಲಿ ಅದ್ದಿ ಇಂಗೆ ಆಕ್ತೀರಲ್ಲ!’

ಥತ್! ಅಷ್ಟು ಚಿಕ್ಕದಕ್ಕೆ ಯಾವ ನೀರಾದರೇನು ಅಂದುಕೊಂಡಿದ್ದೆ. ಆ ವಾರವೇ ಮೂರು ಹಾಳೆ ಸಾಲಾಗಿ ಜೇನುಬಣ್ಣಕ್ಕೆ ಬಂದವು. ಕಾರಿಡಾರಿನಲ್ಲಿ ಅವರೊಬ್ಬರನ್ನೇ ಹಿಡಿದು, ‘ಸಾರಿ ಮುನಿರತ್ನಮ್ಮ’ ಅಂತ ಪಿಸುಗುಟ್ಟಿದೆ.

‘ಬೈದಿದ್ದು ಎಲ್ರ ಮುಂದೆ. ಸಾರಿ ಮಾತ್ರ ಕಿವೀಲಾ?’ ಅಂದು ಬಕೆಟ್ ಎತ್ತಿಕೊಂಡು ಹೋದರು. ನನಗೆ ಡಾಕ್ಟರೇಟ್ ಬಂತು, ಇಲ್ಲೇ ಕೆಲಸವೂ ಸಿಕ್ಕಿತು. ಲ್ಯಾಬಿನವರ ಬಾಯಲ್ಲಿ ಅವರು ಮಾತ್ರ ‘ಸರಿಯಾಗಿ ತೊಳೆಯದ ಆಯಮ್ಮ’ ಆಗಿಯೇ ಉಳಿದರು. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ.

ಇವತ್ತು ಬಿಡಲಿಲ್ಲ. ಎಲ್ಲರನ್ನೂ ಕರೆದೆ, ಅವರನ್ನೂ ಕರೆದೆ. ನಡೆದದ್ದನ್ನೆಲ್ಲ ಹೇಳಿ, ಅವತ್ತಿನ ತಪ್ಪು ನನ್ನದು, ಕ್ಷಮಿಸಿ ಅಂದೆ. ಮುನಿರತ್ನಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದರು. ಆಮೇಲೆ, ‘ಪಕ್ಕದ ಲ್ಯಾಬಿನೋರೂ ನನ್ನ ಅಂಗೇ ಅನ್ನೋದು ಮೇಡಂ. ಕರೀಲಾ?’ ಅಂದರು.

‘ಕರೀರಿ’ ಅಂದೆ.